ಹೊಸಿಲು ನೋಡದೆ ಬೀಗ ಮುಟ್ಟದ ಮುನಿರಾಮಪ್ಪ

ಕೋಲಾರದ ಒಂದು ವಠಾರ. ಬೆಳಗಿನ ಆರು ಗಂಟೆ. ಬೀಗ ರಿಪೇರಿಯ ಮುನಿರಾಮಪ್ಪ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಹೊಸಿಲನ್ನೇ ನೋಡುತ್ತಿದ್ದಾರೆ. ಬಳಿದ ಅರಿಶಿನ ಇನ್ನೂ ಪೂರ್ತಿ ಆರಿಲ್ಲ. ‘ಖಾಲಿ ಮನೆ, ಬೀಗ ಒಡೆದು ಬೇರೆ ಹಾಕು’ ಎಂದು ಕರೆತಂದ ಮನೆ ಮಾಲೀಕ ಹಿಂದೆ ನಿಂತು ಅವಸರಿಸುತ್ತಿದ್ದಾನೆ.

‘ವದ್ದು, ಬ್ಯಾಡ ಸಾಮಿ, ಇದು ಖಾಲಿ ಮನೆ ಅಲ್ಲ. ಕೋರ್ಟ್ ಆರ್ಡರ್ ಐತಾ? ಇದ್ರೆ ತೋರ್ಸಿ, ಇಲ್ದಿದ್ರೆ ನಾನು ಮುಟ್ಟಲ್ಲ’ ಎಂದು ಮುನಿರಾಮಪ್ಪ ಚೀಲದ ಬಾಯಿ ಕಟ್ಟುತ್ತಾರೆ.

ಬಾಡಿಗೆದಾರರನ್ನು ಬಿಡಿಸಬೇಕಾದರೆ ನೋಟಿಸು ಕೊಡಬೇಕು, ಕೋರ್ಟಿಗೆ ಹೋಗಬೇಕು. ಅಷ್ಟು ತಾಳ್ಮೆ ಯಾರಿಗಿದೆ? ಮೊದಲು ನೀರು ನಿಲ್ಲಿಸುವುದು, ಆಮೇಲೆ ಕರೆಂಟು ಕೀಳುವುದು, ಕೊನೆಗೆ ಮನೆಯವರು ಕೂಲಿಗೆ ಹೋದ ಹೊತ್ತು ನೋಡಿ ಬೀಗ ಬದಲಿಸುವುದು. ಇದು ಕಳ್ಳತನಕ್ಕಿಂತ ಕಡೆ. ಕಳ್ಳನಿಗಾದರೂ ನಾಚಿಕೆಯಿದೆ, ಕತ್ತಲಾಗಲೆಂದು ಕಾಯುತ್ತಾನೆ.

ಅರವತ್ತೆರಡರ ಮುನಿರಾಮಪ್ಪ ಶ್ರೀನಿವಾಸಪುರದ ಕಡೆಯವರು. ಬಸ್ ನಿಲ್ದಾಣದ ಬಳಿ ಒಂದು ಕೊಡೆ, ಕೀ ಉಜ್ಜುವ ನಾಲ್ಕು ಅರ, ತಂತಿಗೆ ಪೋಣಿಸಿದ ಇನ್ನೂರು ಕೀ. ಮೂವತ್ತು ವರ್ಷದಿಂದ ಇಷ್ಟೇ ಅಂಗಡಿ. ದಿನಕ್ಕೆ ಹತ್ತು ಹನ್ನೆರಡು ಕೀ ಮಾಡಿಕೊಡುತ್ತಾರೆ. ತಿಂಗಳಿಗೆ ಎರಡು ಮೂರು ಸಲವಾದರೂ ಇಂಥ ಮಾಲೀಕರು ಹುಡುಕಿಕೊಂಡು ಬರುತ್ತಾರೆ.

ಒಂಬತ್ತು ವರ್ಷದ ಹಿಂದೆ ಅವರೂ ಹೀಗೊಂದು ಬೀಗ ಬದಲಿಸಿ ಕೊಟ್ಟಿದ್ದರು. ಸಂಜೆ ಆ ಮನೆಯ ಶಾಮಲಮ್ಮ ಅಂಗಡಿಗೇ ಬಂದರು. ಅವರ ಪಾತ್ರೆ, ಹಾಸಿಗೆ ಎಲ್ಲ ಬೀದಿಗೆ ಬಿದ್ದಿತ್ತು.

‘“ಬೆಳಿಗ್ಗೆ ಹೊಸಿಲಿಗೆ ಅರಿಶಿನ ಬಳ್ದು ಹೋಗಿದ್ದೆ ಕಣಣ್ಣಾ, ನಿನ್ ಕಣ್ಣಿಗೆ ಕಾಣ್ಲಿಲ್ವಾ” ಅಂದ್ಳು ಸಾರ್. ನಾನು ಬೀಗ ಒಂದೇ ನೋಡಿದ್ದೆ.’ ಎಂದು ಕೇಳಿದವರಿಗೆ ಮುನಿರಾಮಪ್ಪ ಹೇಳುತ್ತಾರೆ. ಅಂದಿನಿಂದ ಹೊಸಿಲು ನೋಡದೆ, ಪಕ್ಕದ ಮನೆಯವರನ್ನು ಕೇಳದೆ ಅವರು ಯಾವ ಬಾಗಿಲಿಗೂ ಕೈ ಹಾಕಿಲ್ಲ.

ಇವತ್ತಿನ ಮನೆ ಮುತ್ಯಾಲಮ್ಮ ಅವರದು. ಟೊಮೆಟೊ ಮಂಡಿಯಲ್ಲಿ ಹಣ್ಣು ಆರಿಸಲು ಐದಕ್ಕೇ ಹೋಗಿದ್ದಾರೆಂದು ಪಕ್ಕದ ಮನೆಯ ಸುನಂದ ಹೇಳುತ್ತಾರೆ. ಮಾಲೀಕ ರೇಗುತ್ತಾನೆ: ‘ನನ್ ಮನೆ, ನನ್ ಇಷ್ಟ. ನೀನಲ್ದಿದ್ರೆ ಇನ್ನೊಬ್ಬ ಬರ್ತಾನೆ ಕಣೋ!’

ಮಾತೇನೋ ನಿಜ, ಊರಲ್ಲಿ ಬೀಗ ಒಡೆಯುವವರಿಗೆ ಬರವಿಲ್ಲ. ಅದಕ್ಕೇ ಮುನಿರಾಮಪ್ಪ ಅಂಗಡಿಗೆ ಹೋಗುವುದಿಲ್ಲ. ಆ ಬಾಗಿಲಿಗೇ ಬೆನ್ನು ಕೊಟ್ಟು ಕೂತುಬಿಡುತ್ತಾರೆ. ಪೊಲೀಸರನ್ನು ಕರೆಸುತ್ತೇನೆಂದು ಮಾಲೀಕ ಕೂಗಾಡುತ್ತಾನೆ.

‘ಕರ್ಸಿ ಸಾಮಿ. ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ.’

ವಠಾರದ ಹೆಂಗಸರು ನಗುತ್ತಾರೆ. ಮಾಲೀಕ ಗೊಣಗುತ್ತಾ ಬೈಕು ಹತ್ತುತ್ತಾನೆ. ಆದರೂ ಮುನಿರಾಮಪ್ಪ ಏಳುವುದಿಲ್ಲ. ಹೋದವನು ಇನ್ನೊಬ್ಬನನ್ನು ಕರೆತರುವುದಿಲ್ಲವೆಂದು ಏನು ಗ್ಯಾರಂಟಿ?

ಸುದ್ದಿ ತಿಳಿದು ಹತ್ತೂವರೆಗೆ ಮುತ್ಯಾಲಮ್ಮ ಓಡಿ ಬರುತ್ತಾರೆ. ಮುನಿರಾಮಪ್ಪ ಎದ್ದು ಪಕ್ಕಕ್ಕೆ ಸರಿಯುತ್ತಾರೆ. ಸೆರಗಿನ ಗಂಟು ಬಿಚ್ಚಿ ಕೀ ತೆಗೆದರೆ ಅವಸರದಲ್ಲಿ ಅದು ಬೀಗಕ್ಕೆ ಹೋಗುವುದೇ ಇಲ್ಲ. ‘ಅಣ್ಣಾ, ನೀನೇ ತೆಗಿಯಣ್ಣಾ’ ಎಂದು ಚಾಚುತ್ತಾರೆ. ಬೀಗ ತೆಗೆಯುವುದೇ ಕಸುಬಾದ ಮುನಿರಾಮಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ.

‘ನಿನ್ ಮನೆ ಕಣಮ್ಮಾ. ನಿಧಾನಕ್ಕೆ ನೀನೇ ತೆಗಿ. ನಾನಿಲ್ಲೇ ಇರ್ತೀನಿ.’