ಕಸವಿಲ್ಲದ ಮನೆ

ಕುಷ್ಟಗಿಯಲ್ಲಿ ಮನೆಮನೆಗೂ ಹೋಗಿ, ಹಸಿ ಕಸ ಒಣ ಕಸ ಬೇರೆಬೇರೆ ಇಟ್ಟಿದ್ದಾರೆಯೇ ಎಂದು ನೋಡಿ ಮೊಬೈಲಿನಲ್ಲಿ ಬರೆದುಕೊಳ್ಳುವುದು ಪುರಸಭೆಯಲ್ಲಿ ನನ್ನ ಕೆಲಸ. ಒಂದು ದಿನ ಖಾಸಿಂಬಿ ಎಂಬ ವಯಸ್ಸಾದ ಹೆಂಗಸು ಬಾಗಿಲಲ್ಲೇ ಹೇಳಿದರು:

"ನಮ್ಮ ಮನ್ಯಾಗ ಕಸಾನ ಇಲ್ಲೋ ತಮ್ಮಾ. ಸಿಪ್ಪಿ ಆಡು ತಿಂತೈತಿ. ಹಾಳಿ ಕಿರಾಣಿ ಅಂಗಡಿಗೆ ಕೊಡ್ತೀನಿ. ಬಾಟ್ಲಿ ಗುಜರಿಯಂವ ಒಯ್ತಾನ."

ಕಸದ ಫೋಟೊ ಹಾಕದೆ ಮೊಬೈಲಿನ ಆ್ಯಪ್ ಮುಂದಕ್ಕೆ ಹೋಗುವುದಿಲ್ಲ.

"ಕಸ ತೋರಿಸಲಿಲ್ಲಂದ್ರ ನಿಮಗ ನೋಟಿಸ್ ಬರ್ತೈತ್ರಿ ಯಮ್ಮಾ," ಅಂದೆ.

ಆಕೆ ನನ್ನನ್ನೇ ಕನಿಕರದಿಂದ ನೋಡಿದರು. ಪಕ್ಕದ ಮನೆಗೆ ಹೋಗಿ ಒಂದು ಮೊರ ಕಸ ಕಡ ತಂದು, ಸಿಪ್ಪೆ ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ ಚಂದಗೆ ಹರವಿದರು.

"ಲಗೂನ ಫೋಟೊ ಹೊಡಿ, ತಿರುಗಿ ಕೊಡಬೇಕು."

ಹೊಡೆದೆ. ಮೊಬೈಲಿನಲ್ಲಿ ‘ಉತ್ತಮ ಸಹಕಾರ’ ಎಂದು ಬಂತು. ನನ್ನ ವಾರ್ಡಿನಲ್ಲಿ ಕಸವಿಲ್ಲದ ಮನೆ ಅದೊಂದೇ ಇತ್ತು. ಅದನ್ನೂ ಸರಿಮಾಡಿ ಬಂದೆ.