ಗಡ್ಡ ನೆನೆಯುವಷ್ಟು ಹೊತ್ತು

ಕುರ್ಚಿ ಒಂದೇ, ಕನ್ನಡಿ ಒಂದೇ, ಕತ್ತಿ ಹಿಡಿಯುವವನೂ ಒಬ್ಬನೇ. ಆ ಕ್ಷೌರದಂಗಡಿ ಮೂವತ್ತೊಂದು ವರ್ಷದಿಂದ ಹೀಗೆಯೇ ನಡೆದುಬಂದಿತ್ತು. ಕತ್ತಿ ಕೆನ್ನೆಯ ಮೇಲೆ ಹರಿದದ್ದೇ ತಿಳಿಯದಷ್ಟು ಹಗುರವಾದ ಕೈ ಅವನದು. ಅದಕ್ಕೇ ಗಿರಾಕಿಗಳೆಲ್ಲ ಅವನನ್ನು ಹೂಗೈ ಎಂದು ಕರೆಯುತ್ತಿದ್ದರು.

ಅವನ ಕೆಲಸಕ್ಕೊಂದು ಕ್ರಮವಿತ್ತು. ಬಿಸಿನೀರಿನ ಬಟ್ಟೆ ಒತ್ತಿ, ಬ್ರಷ್ಷಿನಿಂದ ದಟ್ಟವಾಗಿ ನೊರೆ ಹಚ್ಚಿ, “ನೆನೀಲಿ” ಎಂದು ಹೇಳಿ ಹಿಂಬಾಗಿಲಿಗೆ ಹೋಗುವನು. ಅಲ್ಲಿ ಒಂದು ಸಿಗರೇಟು ಹಚ್ಚಿ, ಬೆರಳಿಗೆ ಬಿಸಿ ತಾಕುವವರೆಗೂ ಸೇದಿ, ಕೈ ತೊಳೆದು ಒಳಗೆ ಬರುವಷ್ಟರಲ್ಲಿ ಎಂಥ ಮುಳ್ಳುಗಡ್ಡವೂ ಮೆತ್ತಗಾಗಿರುತ್ತಿತ್ತು. ಹತ್ತು ಜನರಿಗೆ ಕ್ಷೌರವಾದರೆ ಹತ್ತು ಸಿಗರೇಟು. ಗೋಡೆಯ ಮೇಲೆ ಗಡಿಯಾರವಿತ್ತು. ಅದನ್ನು ನೋಡುವ ಅಗತ್ಯ ಅವನಿಗೆ ಎಂದೂ ಬಿದ್ದಿರಲಿಲ್ಲ.

ಹೀಗಿರುವಾಗ ಎಡಗಾಲಿನ ಹೆಬ್ಬೆರಳು ತಣ್ಣಗಾಗತೊಡಗಿತು. ಐವತ್ತು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಚಪ್ಪಲಿ ಕಚ್ಚಿರಬೇಕೆಂದು ತಿಂಗಳು ದೂಡಿದ. ಬೆರಳ ತುದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿದ ದಿನ ಹೆಂಡತಿ ಅವನನ್ನು ಆಸ್ಪತ್ರೆಗೆ ಎಳೆದುಕೊಂಡೇ ಹೋದಳು.

ವೈದ್ಯೆ ಮಾತು ಬೆಳೆಸಲಿಲ್ಲ. “ರಕ್ತನಾಳ ಮುಚ್ಚಿಕೊಳ್ತಾ ಇದೆ. ಸಿಗರೇಟಿನಿಂದಲೇ. ಇವತ್ತೇ ನಿಲ್ಲಿಸಿದ್ರೆ ಬೆರಳು ಉಳೀಬಹುದು. ದಿನಕ್ಕೆ ಒಂದೇ ಒಂದು ಸೇದಿದ್ರೂ ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲು.” ಬೆರಳ ಮೇಲಿನ ಕಪ್ಪು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ನೀಲಿ ಪೆನ್ನಿನಿಂದ ಒಂದು ಗೆರೆ ಎಳೆದರು. “ಕಪ್ಪು ಈ ಗೆರೆ ದಾಟಿದ್ರೆ ಆ ಕ್ಷಣ ಓಡಿಬನ್ನಿ. ಇಲ್ಲದಿದ್ರೆ ಹದಿನೈದು ದಿನ ಬಿಟ್ಟು ಬನ್ನಿ. ಸೇದಬೇಕು ಅನ್ನಿಸಿದಾಗ ಐದು ನಿಮಿಷ ತಡ್ಕೊಳ್ಳಿ. ಅಷ್ಟರಲ್ಲಿ ಇಳಿಯುತ್ತೆ.”

ಹೊರಗೆ ಪಡಸಾಲೆಯಲ್ಲಿ ಗಾಲಿಕುರ್ಚಿಯ ಮೇಲೊಬ್ಬ ಕುಳಿತಿದ್ದ. ಅವನ ಪ್ಯಾಂಟಿನ ಎರಡೂ ಕಾಲುಗಳನ್ನು ಮೊಣಕಾಲಿನಲ್ಲೇ ಮಡಚಿ ಪಿನ್ನು ಚುಚ್ಚಲಾಗಿತ್ತು. ಅವನು ಅತ್ತಿತ್ತ ನೋಡಿ, ಗುಟ್ಟು ಹೇಳುವವನಂತೆ ಕೇಳಿದ. “ಅಣ್ಣಾ, ಬೆಂಕಿ ಇದೆಯಾ?”

ಹೂಗೈ ಯೋಚಿಸದೆ ಜೇಬಿನಲ್ಲಿದ್ದ ಬೆಂಕಿಪೊಟ್ಟಣ ಕೊಟ್ಟುಬಿಟ್ಟ. ಕೊಟ್ಟ ಮೇಲೆ ಬೆನ್ನಿನ ಮೇಲೆ ಯಾರೋ ತಣ್ಣೀರು ಸುರಿದಂತಾಯಿತು.

ಅಂದಿನಿಂದ ಅವನು ಸಿಗರೇಟು ಮುಟ್ಟಲಿಲ್ಲ. ಹಿಂಬಾಗಿಲ ಕಡೆ ಸುಳಿಯಲೂ ಇಲ್ಲ. ಅಲ್ಲಿ ಹೋದರೆ ಕೈ ತನ್ನ ಮಾತು ಕೇಳದೆಂಬ ಭಯ. ಬಾಯಿ ಒಣಗುತ್ತಿತ್ತು, ಅಂಗೈ ಬೆವರುತ್ತಿತ್ತು, ಬಾಚಣಿಗೆ ಬಿದ್ದ ಸದ್ದಿಗೂ ಎದೆ ಹಾರುತ್ತಿತ್ತು. ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸಹಿಸುತ್ತಿದ್ದನೇನೋ. ಆದರೆ ಮೂರು ದಿನದಲ್ಲಿ ಮೂವರಿಗೆ ಕತ್ತಿ ತಾಗಿತು. ಮೂವತ್ತೊಂದು ವರ್ಷದಲ್ಲಿ ರಕ್ತ ನಿಲ್ಲಿಸುವ ಪಟಿಕದ ಹರಳು ಅಷ್ಟು ಸವೆದಿರಲಿಲ್ಲ. ಇಷ್ಟು ವರ್ಷ ಕೈಯನ್ನು ಅಲುಗದಂತೆ ಹಿಡಿದಿದ್ದು ಹೊಗೆಯೇ, ಅದಿಲ್ಲದೆ ಈ ಕೈ ಮುಗಿಯಿತು ಎಂದು ಅವನ ಮನಸ್ಸು ಹೇಳತೊಡಗಿತು. ಸೇದಿದರೆ ಕಾಲು ಹೋಗುತ್ತದೆ, ಸೇದದಿದ್ದರೆ ಕೈ. ಕಾಲಿಲ್ಲದೆ ನಿಲ್ಲುವುದೆಲ್ಲಿ, ಕೈಯಿಲ್ಲದೆ ನಿಂತು ಮಾಡುವುದೇನು?

ನಾಲ್ಕನೆಯ ಬೆಳಿಗ್ಗೆ ಡ್ರೈವರಣ್ಣ ಬಂದ. ಇಪ್ಪತ್ತಾರು ವರ್ಷ ಒಂದೇ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಅಂಗಡಿಯ ಹಳೆಯ ಗಿರಾಕಿ.

“ಏನಪ್ಪಾ, ಮುಖ ಯಾಕೆ ಪಂಕ್ಚರ್ ಆದ ಟೈರಿನ ಹಾಗಿದೆ?”

“ಏನಿಲ್ಲ, ಕೂತ್ಕೋ.”

ಹೂಗೈ ನೊರೆ ಹಚ್ಚಿದ. ಹಿಂಬಾಗಿಲಿಗೆ ಹೋಗದೆ, ನಿಂತಲ್ಲೇ ಕತ್ತಿ ತೆಗೆದುಕೊಂಡ. ಒಂದು ಕೆನ್ನೆ ಹೇಗೋ ಮುಗಿಯಿತು. ದವಡೆಯ ಕೆಳಗೆ ಇಳಿಯುವಾಗ ಕತ್ತಿ ಎಲ್ಲೋ ಹಿಡಿದಂತಾಯಿತು. ಬಿಳಿಯ ನೊರೆಯೊಳಗೆ ಕೆಂಪು ಹರಡಿತು. ಗಾಯದಿಂದ ಒಂದು ಬೆರಳಿನಾಚೆ, ಡ್ರೈವರಣ್ಣನ ಕತ್ತಿನ ನರ ಪಟಪಟನೆ ಬಡಿದುಕೊಳ್ಳುತ್ತಿತ್ತು.

ಅದನ್ನು ಕಂಡ ಹೂಗೈಯ ಜೀವ ಬಾಯಿಗೆ ಬಂತು. ಪಟಿಕ ಒತ್ತಿ, ಕತ್ತಿಯನ್ನು ಕನ್ನಡಿಯ ಮುಂದಿಟ್ಟು, ನಾಲ್ಕು ದಿನದಿಂದ ಸುಳಿಯದಿದ್ದ ಹಿಂಬಾಗಿಲಿಗೆ ಓಡಿದ. ಬಾಗಿಲ ಮೇಲಿನ ಪೌಡರ್ ಡಬ್ಬದೊಳಗೆ ಒಂದೇ ಒಂದು ಸಿಗರೇಟು ಉಳಿದಿತ್ತು. ಅದನ್ನು ಎಸೆಯದೆ ಏಕೆ ಇಟ್ಟುಕೊಂಡಿದ್ದನೋ ಅವನಿಗೇ ಗೊತ್ತು. ತುಟಿಗೆ ಇಟ್ಟುಕೊಂಡು ಜೇಬು ತಡಕಿದ. ಬೆಂಕಿಪೊಟ್ಟಣವಿಲ್ಲ. ಕಿಟಕಿಯ ಅಂಚು, ಕೊಳಾಯಿಯ ಪಕ್ಕ, ಎಲ್ಲಿಯೂ ಇಲ್ಲ. ಅಷ್ಟರಲ್ಲಿ ಡ್ರೈವರಣ್ಣ ಅರ್ಧ ಮುಖಕ್ಕೆ ನೊರೆ, ಕೊರಳಿಗೆ ಬಟ್ಟೆ ಸುತ್ತಿಕೊಂಡೇ ಬಾಗಿಲಿಗೆ ಬಂದು ನಿಂತ.

“ಅಣ್ಣಾ, ಬೆಂಕಿ ಇದೆಯಾ?”

ಮಾತು ತನ್ನ ಬಾಯಿಂದ ಹೊರಟ ಮೇಲೆ ಹೂಗೈಗೆ ಕೇಳಿಸಿತು. ಅದೇ ಮಾತು. ಅದೇ ಕಳ್ಳದನಿ. ಮಡಚಿ ಪಿನ್ನು ಚುಚ್ಚಿದ ಪ್ಯಾಂಟಿನ ಆ ಎರಡು ಕಾಲುಗಳು ಕಣ್ಣಮುಂದೆ ಬಂದವು. ತುಟಿಯಿಂದ ಸಿಗರೇಟು ಜಾರಿ ಬಿತ್ತು. ಅವನು ಮೆಟ್ಟಿಲ ಮೇಲೆ ಕುಳಿತ.

“ನನ್ನ ಕೈ ಹೋಯ್ತಣ್ಣ. ಇನ್ನು ಬೇರೆ ಅಂಗಡಿ ನೋಡ್ಕೋ. ನಿನ್ನ ಕೊರಳು ಕೊಯ್ದುಬಿಡ್ತೀನಿ ನಾನು.”

ಡ್ರೈವರಣ್ಣ ಅವನ ಕೈಯನ್ನು ಹಿಡಿದು, ತಿರುಗಿಸಿ ನೋಡಿದ. “ಇರು. ಇವತ್ತು ನಾನು ಗೊರಕೆ ಹೊಡೆದನಾ?”

“ಇಲ್ಲ.”

“ನಾನು ಗೊರಕೆ ಹೊಡೆಯೋ ಮುಂಚೆ ನೀನು ಯಾವತ್ತಾದ್ರೂ ಕತ್ತಿ ಇಟ್ಟಿದ್ದೀಯೇನಯ್ಯಾ? ನೊರೆ ಹಚ್ಚಿ ಹಿಂದೆ ಹೋಗ್ತಿದ್ದೆ, ನಾನೊಂದು ನಿದ್ದೆ ತೆಗೀತಿದ್ದೆ. ಇವತ್ತು ಕಣ್ಣು ಮುಚ್ಚೋಕೆ ಮುಂಚೆನೇ ಬಂದು ಕೆರೆದ್ರೆ ಒಣಗಡ್ಡ ಕಚ್ಚದೆ ಇರುತ್ತಾ? ನಿನ್ನ ಕೈಗೇನೂ ಆಗಿಲ್ಲ. ನಿನಗೆ ಅವಸರ ಆಗಿದೆ ಅಷ್ಟೇ.”

ಹೂಗೈ ಹಿಂದಿನ ಮೂರು ದಿನಗಳನ್ನು ನೆನಪಿಸಿಕೊಂಡ. ಆ ಮೂವರ ಗಡ್ಡಗಳೂ ನೆನೆದಿರಲಿಲ್ಲ.

“ಹಚ್ಚು ಇನ್ನೊಂದು ಸಲ,” ಎಂದು ಡ್ರೈವರಣ್ಣ ಮತ್ತೆ ಕುರ್ಚಿಯೇರಿದ. “ನಾನು ನನ್ನ ಬಸ್ಸು ಹೊರಡಿಸ್ತೀನಿ. ಕೊನೇ ಸ್ಟಾಪು ಬರೋವರೆಗೂ ನೀನು ಇಳಿಯೋ ಹಾಗಿಲ್ಲ.” ಹೊಸ ನೊರೆಯ ಕೆಳಗಿನಿಂದ ನಿಧಾನವಾಗಿ ದನಿ ಹೊರಟಿತು. “ಡಿಪೋ... ಮಾರುಕಟ್ಟೆ... ಹಳೇ ನೀರಿನ ಟ್ಯಾಂಕು... ಇಲ್ಲಿ ಒಬ್ಬರು ಟೀಚರಮ್ಮ ಹತ್ತೋರು, ಚಿಲ್ಲರೆ ಇಲ್ಲದೆ... ರೈಲ್ವೆ ಗೇಟು...”

ಹೂಗೈ ಎರಡೂ ಕೈಗಳಿಂದ ಕುರ್ಚಿಯ ಬೆನ್ನನ್ನು ಹಿಡಿದು ನಿಂತ. ರೈಲ್ವೆ ಗೇಟಿನ ಹತ್ತಿರ ಆಸೆ ಗಂಟಲಿಗೇ ಕೈಹಾಕಿತು. ಬೆವರು ಇಳಿಯಿತು. ಹಿಂಬಾಗಿಲು ತೆರೆದೇ ಇತ್ತು, ಸಿಗರೇಟು ನೆಲದ ಮೇಲೆ ಬಿದ್ದೇ ಇತ್ತು. ಸೀಮೆಣ್ಣೆ ಅಂಗಡಿ ಬರುವಷ್ಟರಲ್ಲಿ ಡ್ರೈವರಣ್ಣನ ಮಾತು ನಿಂತು ಗೊರಕೆ ಶುರುವಾಯಿತು. ಮುಂದಿನ ನಿಲ್ದಾಣಗಳು ಗೊತ್ತಿಲ್ಲದೆ ಹೂಗೈ ಗೊತ್ತಿದ್ದವನ್ನೇ ಮೊದಲಿನಿಂದ ಹೇಳಿಕೊಂಡ. ಎರಡನೆಯ ಸಲ ರೈಲ್ವೆ ಗೇಟಿಗೆ ಬಂದಾಗ ಗಂಟಲಿನ ಹಿಡಿತ ಸಡಿಲವಾಗಿತ್ತು. ಪೂರ್ತಿ ಹೋಗಿರಲಿಲ್ಲ. ಸಡಿಲವಾಗಿತ್ತು.

ಅವನು ಕತ್ತಿಯನ್ನು ಆ ಬಡಿದುಕೊಳ್ಳುವ ನರದ ಪಕ್ಕಕ್ಕೆ ತಂದು, ಉಸಿರು ಹಿಡಿದು, ಕೆಳಗೆ ಎಳೆದ. ನೊರೆ ಬೆಳ್ಳಗೇ ಬಂತು.

ಸಂಜೆ ಹೆಂಡತಿ ಎಂದಿನಂತೆ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ದೀಪದ ಕೆಳಗೆ ಬಗ್ಗಿದಳು. ಬೆರಳನ್ನು ಅತ್ತಿತ್ತ ತಿರುಗಿಸಿ ನೋಡಿದಳು.

“ದಾಟಿದೆಯಾ?” ಅವನು ಕೇಳಿದ.

“ಇಲ್ಲಾರೀ. ಗೆರೆಗೆ ತಾಕಿಕೊಂಡೇ ಇದೆ. ದಾಟಿಲ್ಲ.”

ಸ್ನಾನದಲ್ಲಿ ಗೆರೆ ಮಸುಕಾಗಿತ್ತು. ಅದನ್ನು ತಿದ್ದಲು ಅವಳು ನೀಲಿ ಪೆನ್ನು ಎತ್ತಿದಳು. ಪೆನ್ನಿನ ತುದಿ ಬೆರಳ ಮೇಲೆ ನಿಲ್ಲಲಿಲ್ಲ. ಅವಳ ಕೈ ಗಡಗಡ ನಡುಗುತ್ತಿತ್ತು. ನಾಲ್ಕು ದಿನದಿಂದ ಅವನು ತನ್ನ ಕೈಯನ್ನು ಮಾತ್ರ ನೋಡಿಕೊಂಡಿದ್ದ.

“ಕೊಡು ಇಲ್ಲಿ,” ಎಂದ.

“ಕೂದಲೆಳೆಯಷ್ಟೂ ಆಚೆಗೆ ಎಳೀಬೇಡಿ ಮತ್ತೆ. ನಿಮ್ಮನ್ನ ನಂಬೋಕಾಗಲ್ಲ.”

ವೈದ್ಯೆಯ ಬಳಿ ಹೋಗಲು ಹನ್ನೊಂದು ದಿನ ಇನ್ನೂ ಬಾಕಿಯಿತ್ತು. ಅವನು ಬಗ್ಗಿ, ಉಸಿರು ಹಿಡಿದು, ಗೆರೆಯನ್ನು ಇದ್ದಲ್ಲಿಯೇ ಎಳೆದ.