ಕರೆಂಟಿಲ್ಲದ ದಿನ ಮುದ್ದೆ ತಿರುವಿದ ಕಂಪ್ಯೂಟರ್

ಕೊರೊನಾ ಕಳೆದು ಶಾಲೆಗಳು ಮತ್ತೆ ತೆರೆದ ವರ್ಷವದು. ಹೊಳೆನರಸೀಪುರದ ಹತ್ತಿರದ ಹಳ್ಳಿಯ ಪ್ರೌಢಶಾಲೆಗೆ ನಾನು ಗಣಿತದ ಟೀಚರಾಗಿ ಬಂದೆ. ಅಲ್ಲಿ ಕಂಪ್ಯೂಟರ್‌ಗಳಿದ್ದವು, ಕಲಿಸುವವರಿರಲಿಲ್ಲ. ಅವುಗಳ ಮುಸುಕು ತೆಗೆಯುತ್ತಿದ್ದುದು ಆಯುಧಪೂಜೆಯ ದಿನ ಮಾತ್ರ. ಕುಂಕುಮವಿಟ್ಟು, ಮಂಗಳಾರತಿ ಎತ್ತಿ, ಮತ್ತೆ ಬೀಗ! ನನಗೆ ಮೈಯೆಲ್ಲ ಉರಿಯಿತು. "ಪೂಜೆ ಸಾಕು ಸರ್, ಪಾಠ ನಾನ್ ಮಾಡ್ತೀನಿ" ಎಂದು ಹೆಡ್‌ಮಾಸ್ಟರ್ ಹತ್ತಿರ ಬೀಗದ ಕೈ ಇಸಿದುಕೊಂಡೆ.

ಕೀಬೋರ್ಡಿನ ಸಂದಿಗಳಿಂದ ಕುಂಕುಮ ಕೆರೆದು ತೆಗೆಯುವುದೇ ಮೊದಲ ಪಾಠವಾಯಿತು. ಇನ್ನು ಕರೆಂಟು ಯಾವಾಗ ಬರುತ್ತದೋ ದೇವರೇ ಬಲ್ಲ. ಕರೆಂಟಿಲ್ಲದ ದಿನ ಮಕ್ಕಳಲ್ಲೇ ಒಬ್ಬರನ್ನು ಕಂಪ್ಯೂಟರ್ ಮಾಡುತ್ತಿದ್ದೆ. ಹೇಳಿದಷ್ಟನ್ನೇ ಮಾಡಬೇಕು, ಸ್ವಂತ ಬುದ್ಧಿ ಓಡಿಸುವ ಹಾಗಿಲ್ಲ. ಹೇಳುವವರು ತಪ್ಪಿದರೆ ಎಲ್ಲರಿಗೂ ನಗು.

ಅಷ್ಟರಲ್ಲಿ ಸುದ್ದಿ ಬಂತು. ಬಳಸದ ಕಂಪ್ಯೂಟರ್‌ಗಳನ್ನು ಪಟ್ಟಣದ ಶಾಲೆಗೆ ಸಾಗಿಸುತ್ತಾರಂತೆ. ಪರೀಕ್ಷಿಸಲು ಅಧಿಕಾರಿಯೊಬ್ಬರು ಲಗೇಜ್ ಆಟೋ ಸಮೇತವೇ ಬಂದರು. ಅವರು ಒಳಗೆ ಕಾಲಿಟ್ಟರೋ ಇಲ್ಲವೋ, ಕರೆಂಟು ಹೋಯಿತು!

"ಏನ್ ಮೇಡಂ, ಇವು ಆನ್ ಆಗ್ತವಾ, ಇಲ್ಲಾ ಬರೀ ಪೂಜೆಗಾ?"

ನನಗೆ ಅಳುವೇ ಬಂತು. ಆದರೆ ಬಿಟ್ಟುಕೊಡುವ ಜಾಯಮಾನ ನನ್ನದಲ್ಲ. ಬಿಸಿಯೂಟದ ಕೋಣೆಯಿಂದ ಖಾಲಿ ಪಾತ್ರೆ, ಮುದ್ದೆಕೋಲು ತರಿಸಿ, ಒಂಬತ್ತನೇ ತರಗತಿಯ ಸವಿತಾಳನ್ನು ಮುಂದೆ ಕೂರಿಸಿದೆ. "ಸರ್, ಇವಳೇ ಕಂಪ್ಯೂಟರ್. ಮುದ್ದೆ ಮಾಡೋದು ಹೇಗೆ ಅಂತ ನೀವೇ ಹೇಳಿ."

ಅವರು ನಕ್ಕುಬಿಟ್ಟರು. "ನಾನೂ ಅರಕಲಗೂಡು ಕಡೆಯೋನೇ ಕಣಮ್ಮ, ಮುದ್ದೆ ನಂಗೊತ್ತಿಲ್ವಾ? ಒಲೆ ಮ್ಯಾಲೆ ಪಾತ್ರೆ ಇಡು. ಇಟ್ಟಾಕು. ತಿರುವು."

ಸವಿತಾ ಇಲ್ಲದ ಹಿಟ್ಟು ಹಾಕಿ ತಿರುವತೊಡಗಿದಳು. ತಿರುವಿದಳು, ತಿರುವಿದಳು.

"ಇನ್ನೂ ಯಾಕವ್ವ ತಿರುವ್ತಿದ್ದೀಯ?"

ಕಂಪ್ಯೂಟರ್ ಮಾತಾಡಲಿಲ್ಲ. ಹಿಂದಿನ ಬೆಂಚಿನಿಂದ ಉತ್ತರ ಬಂತು. "ಎಲ್ಲಿಗಂಟ ಅಂತ ನೀವ್ ಏಳೇ ಇಲ್ವಲ್ಲ ಸಾ! ಗಂಟು ಓಗೋಗಂಟ ತಿರುವು ಅನ್ಬೇಕು."

"ನೀರ್ ಉಯ್ಯೋಕೂ ಏಳ್ಲಿಲ್ಲ ಸಾ, ಒಲೆನೂ ಅಚ್ಚಿಲ್ಲ!" ಎಂದಳು ಇನ್ನೊಬ್ಬಳು. ತರಗತಿಯೇ ಗೊಳ್ಳೆಂದಿತು.

 ಅಧಿಕಾರಿಯೂ ನಗುತ್ತಲೇ ಸೀಮೆಸುಣ್ಣ ಮುಂದೆ ಹಿಡಿದರು. "ಸರಿಯಾಗಿ ನೀವೇ ಬರೀರಿ ನೋಡಾಣ." ಮಕ್ಕಳು ನಾ ಮುಂದು ತಾ ಮುಂದು ಎಂದು ಬಂದು, ಮುದ್ದೆಯ ಪ್ರೋಗ್ರಾಮನ್ನು ಸಾಲು ಸಾಲಾಗಿ ಬೋರ್ಡಿನ ಮೇಲೆ ಬರೆದರು. ಅಧಿಕಾರಿ ಪೂರ್ತಿ ಓದಿ, ಕಿಟಕಿಗೆ ಹೋಗಿ ಕೂಗಿದರು: "ಲೇ, ಗಾಡಿ ತಿರುಗಿಸ್ಲಾ! ಇಲ್ಲೇನೂ ಲೋಡಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ನನ್ನ ಕಣ್ಣು ಸವಿತಾಳ ಮೇಲೆ ಬಿತ್ತು. ಅಯ್ಯೋ, ಮಗು ಇನ್ನೂ ತಿರುವುತ್ತಲೇ ಇತ್ತು! ಹಣೆಯಲ್ಲಿ ಬೆವರು, ತೋಳು ನಡುಗುತ್ತಿತ್ತು. "ನಿಲ್ಲಿಸೇ ಸವಿತಾ!" ಎಂದು ಓಡಿ ಹೋಗಿ ಕೈ ಹಿಡಿದೆ.

ಕೋಲು ಕೆಳಗಿಟ್ಟು ಪಿಸುಗುಟ್ಟಿದಳು. "ನಾನ್ ತಪ್ಪು ಮಾಡಿದ್ರೆ ಕಂಪ್ಯೂಟರ್ ತಗಂಡೋಗ್ಬುಡೋರು, ಅಲ್ವಾ ಮಿಸ್?"

ನಾನು ಅವಳನ್ನು ಅಪ್ಪಿಕೊಂಡು ಎಲ್ಲರೆದುರೇ ಅತ್ತುಬಿಟ್ಟೆ. ಆ ಮುಸುಕು ಬಟ್ಟೆಗಳನ್ನು ಅಂದೇ ಹರಿದು ಬೋರ್ಡ್ ಒರೆಸಲು ಇಟ್ಟೆ. ಈಗಲೂ ಕರೆಂಟು ಹೋಗುತ್ತದೆ, ಬೇಸರವೂ ಆಗುತ್ತದೆ. ಆಗೆಲ್ಲ ಸವಿತಾಳ ನಡುಗುವ ತೋಳು ನೆನಪಾಗಿ, ಪಾಠ ಮುಂದುವರಿಸುತ್ತೇನೆ.